ಅಪ್ಪನಿಗೆ ಲಿವರ್ ಸಿರೋಸಿಸ್, ಪ್ಲೇಟ್‌ಲೆಟ್ 64 ಸಾವಿರ. ಪ್ಲೇಟ್‌ಲೆಟ್ ಹಾಕಿಸಿದರೆ ಲಿವರ್ ಕಲೆ ಕಡಿಮೆ ಆಗುತ್ತಾ?

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಾವಿನ ತೋಪು ಇದೆ, ಜೊತೆಗೆ ಒಂದಷ್ಟು ಟೊಮೆಟೊ. ಅಪ್ಪನಿಗೆ ಈಗ 61 ವರ್ಷ. ಒಂದು ತೊಟ್ಟು ಕುಡಿದವರಲ್ಲ. ಶುಗರ್ ಮಾತ್ರ ಹಳೆಯದು. ಈ ಸಲ ಕಾಯಿ ಕೀಳುವ ಹೊತ್ತಿಗೆ ಕಾಲು ಊದಿಕೊಂಡಿತು, ಮರದ ಕೆಳಗೆ ಕೂತರೆ ಏಳೋಕೆ ಆಗದಷ್ಟು ಸುಸ್ತು. ಕೋಲಾರಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಕೊಬ್ಬಿನ ಲಿವರ್‌ನಿಂದ ಶುರುವಾಗಿ ಸಿರೋಸಿಸ್‌ಗೆ ಬಂದಿದೆ, ಅಂದರೆ ಲಿವರ್ ತುಂಬ ಕಲೆ ಕಟ್ಟಿ ಗಟ್ಟಿಯಾಗಿದೆ ಅಂದರು.

ರಿಪೋರ್ಟ್ ಹೀಗಿದೆ. ಪ್ಲೇಟ್‌ಲೆಟ್ 64,000. ಲಿವರ್ ಕಿಣ್ವಗಳಾದ ಎಎಸ್‌ಟಿ 58, ಎಎಲ್‌ಟಿ 44. ಲಿವರ್ ತಯಾರಿಸುವ ಪ್ರೋಟೀನ್ ಆದ ಅಲ್ಬುಮಿನ್ 3.1. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ 24 ಕಿಲೋಪಾಸ್ಕಲ್. ಗುಲ್ಮ (ಸ್ಪ್ಲೀನ್) 15.5 ಸೆಂಟಿಮೀಟರ್, ದೊಡ್ಡದಾಗಿದೆ ಅಂತ ಬರೆದಿದ್ದಾರೆ. ಐದು ವರ್ಷದ ಹಿಂದೆ ಊರಲ್ಲಿ ಒಂದು ಕ್ಯಾಂಪ್ ಆಗಿತ್ತು. ಅದರ ಚೀಟಿಯೂ ಬೀರುವಿನಲ್ಲಿ ಸಿಕ್ಕಿತು. ಅವತ್ತು ಪ್ಲೇಟ್‌ಲೆಟ್ 1,42,000, ಎಎಸ್‌ಟಿ 46, ಎಎಲ್‌ಟಿ 52. 'ಏನೂ ತೊಂದರೆ ಇಲ್ಲ' ಅಂತ ಕಳಿಸಿದ್ದರು.

ಈಗ ನನ್ನ ಪ್ರಶ್ನೆ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ಹೇಳುತ್ತಾನೆ, ಜಪಾನಿನಲ್ಲಿ ಸಿರೋಸಿಸ್ ಇರುವವರಿಗೆ ಪ್ಲೇಟ್‌ಲೆಟ್ ಹಾಕಿ ಲಿವರ್ ಸುಧಾರಿಸಿದ್ದಾರೆ ಅಂತ. ಮಂಡಿನೋವಿಗೆ ಪಿಆರ್‌ಪಿ ಕೊಡುವ ಒಂದು ಕ್ಲಿನಿಕ್‌ನವರು ಲಿವರ್‌ಗೂ ಕೊಡುತ್ತೇವೆ ಅಂತ ದೊಡ್ಡ ಮೊತ್ತ ಕೇಳಿದ್ದಾರೆ. ಅತ್ತೆ ದಿನಾ ಬೆಳಿಗ್ಗೆ ಪರಂಗಿ ಎಲೆ ರಸ ತಂದು ಕುಡಿಸುತ್ತಿದ್ದಾರೆ. ಅಮೃತಬಳ್ಳಿ ಕಷಾಯವನ್ನೂ ಶುರು ಮಾಡೋಣ ಅನ್ನುತ್ತಾರೆ. ನನ್ನದೂ ಅಪ್ಪನದೂ ಒಂದೇ ಗುಂಪು, ಬಿ ಪಾಸಿಟಿವ್. ವಾರಕ್ಕೊಂದು ಸಲ ನಾನೇ ಪ್ಲೇಟ್‌ಲೆಟ್ ಕೊಡೋಕೆ ತಯಾರಿದ್ದೇನೆ. ಇದರಿಂದ ಅಪ್ಪನಿಗೆ ಒಳ್ಳೆಯದಾಗುತ್ತಾ? ತಿಳಿದವರು ದಯವಿಟ್ಟು ಹೇಳಿ. ಜಮೀನು ಅಡ ಇಡೋಕೂ ಮನೆಯಲ್ಲಿ ಮಾತು ನಡೆದಿದೆ.

ರೇಷ್ಮೆಗೂಡು, ಶಿಡ್ಲಘಟ್ಟ

ತಮ್ಮಾ, ಮೊದಲು ಆ ಅಮೃತಬಳ್ಳಿ ನಿಲ್ಲಿಸಿ. ಉಳಿದದ್ದು ಆಮೇಲೆ ಮಾತಾಡೋಣ. ನಮ್ಮ ಅಮ್ಮನಿಗೂ ಸಿರೋಸಿಸ್. ಕೊರೋನಾ ಸಮಯದಲ್ಲಿ ಊರೆಲ್ಲ ಕಷಾಯ ಕುಡಿಯುತ್ತಿತ್ತು, ಅಕ್ಕಪಕ್ಕದವರ ಮಾತು ಕೇಳಿ ಅವರೂ ಕುಡಿದರು. ಒಂದು ತಿಂಗಳು ಆಗುವಷ್ಟರಲ್ಲಿ ಕಣ್ಣು ಅರಿಶಿನ ಬಣ್ಣ ಆಯಿತು. ಬಿಲಿರುಬಿನ್ ಮೇಲೇರಿ ಆಸ್ಪತ್ರೆ ಸೇರಿಸಬೇಕಾಯಿತು. 2021ರಲ್ಲಿ ಮುಂಬೈಯ ಲಿವರ್ ಡಾಕ್ಟರುಗಳು ಇಂಥದ್ದೇ ರೋಗಿಗಳ ಬಗ್ಗೆ ಬರೆದಿದ್ದಾರೆ ಅಂತ ನಮ್ಮ ಡಾಕ್ಟರು ಹೇಳಿದರು. ಮೊದಲೇ ಸೋತಿರುವ ಲಿವರ್ ಅದು. ಎಲೆ, ಬೇರು, ಬಳ್ಳಿ ಯಾವುದೂ ಡಾಕ್ಟರನ್ನು ಕೇಳದೆ ಬೇಡ. ಅತ್ತೆಯವರು ಪ್ರೀತಿಯಿಂದಲೇ ಕೊಡುತ್ತಿದ್ದಾರೆ, ಅವರ ಹತ್ತಿರ ಕೂತು ಸಮಾಧಾನವಾಗಿ ಹೇಳಿ.

ಮಂಡಿನೋವಿಗೆ ಅಪ್ಪ ಮೆಡಿಕಲ್ ಶಾಪ್‌ನಿಂದ ಮಾತ್ರೆ ತರಿಸುತ್ತಾರಾ ನೋಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥದ್ದು ಸಿರೋಸಿಸ್ ಇರುವವರಿಗೆ ಆಗುವುದಿಲ್ಲ. ಕಿಡ್ನಿಗೂ ಹೊಡೆತ, ರಕ್ತಸ್ರಾವದ ಭಯವೂ ಇದೆ.

ಬ್ಲಡ್‌ಬ್ಯಾಂಕ್ ಅಕ್ಕ, ಕೋಲಾರ

ನಾನು ಜಿಲ್ಲೆಯ ಒಂದು ರಕ್ತನಿಧಿಯಲ್ಲಿ ಟೆಕ್ನೀಷಿಯನ್. ಪ್ಲೇಟ್‌ಲೆಟ್ ಚೀಲಗಳ ಮಧ್ಯೆಯೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಜಮೀನು ಅಡ ಇಡಬೇಡಿ. ಪಿಆರ್‌ಪಿಗೆ ಒಂದು ರೂಪಾಯಿಯೂ ಕೊಡಬೇಡಿ. ಪಿಆರ್‌ಪಿ ಅಂದರೆ ರೋಗಿಯದೇ ಸ್ವಲ್ಪ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಪ್ಲಾಸ್ಮಾ ಬೇರೆ ಮಾಡಿ ವಾಪಸ್ ಚುಚ್ಚುವುದು. ಲಿವರ್ ಮೇಲೆ ಇದನ್ನು ಇಲಿಗಳಲ್ಲಿ ಪ್ರಯೋಗ ಮಾಡಿದ್ದಾರೆ. ಮನುಷ್ಯರ ಸಿರೋಸಿಸ್‌ಗೆ ಇದು ಒಪ್ಪಿತ ಚಿಕಿತ್ಸೆ ಅಲ್ಲ. 64 ಸಾವಿರ ಇರುವವರ ರಕ್ತದಿಂದಲೇ ತೆಗೆದು ಅವರಿಗೇ ಕೊಡುವುದರಲ್ಲಿ ಏನು ಬಂತು?

ಈಗ ಜಪಾನಿನ ವಿಷಯ. ನಿಮ್ಮ ದೊಡ್ಡಪ್ಪನ ಮಗ ಸುಳ್ಳು ಹೇಳಿಲ್ಲ. ತ್ಸುಕುಬಾ ವಿಶ್ವವಿದ್ಯಾಲಯದ ಸರ್ಜನ್‌ಗಳ ಗುಂಪೊಂದು ಬಹಳ ವರ್ಷಗಳಿಂದ ಇದರ ಬೆನ್ನು ಹತ್ತಿದೆ. ಪ್ಲೇಟ್‌ಲೆಟ್ ಅಂದರೆ ನಮಗೆಲ್ಲ ರಕ್ತ ಹೆಪ್ಪುಗಟ್ಟಿಸುವ ಕಣ ಅಂತ ಗೊತ್ತು. ಆದರೆ ಅದರೊಳಗೆ ಇನ್ನೂ ಬಹಳ ಸಾಮಾನು ಇದೆ. ಲಿವರ್ ಜೀವಕೋಶ ಬೆಳೆಯಲು ಬೇಕಾದ ಅಂಶಗಳಿವೆ, ಸೆರೊಟೊನಿನ್ ಇದೆ. 2006ರಲ್ಲಿ ಜ್ಯೂರಿಚ್‌ನವರು ಇಲಿಗಳಲ್ಲಿ ತೋರಿಸಿದರು: ಲಿವರ್‌ನ ಒಂದು ಭಾಗ ಕತ್ತರಿಸಿದ ಮೇಲೆ ಅದು ಮತ್ತೆ ಬೆಳೆಯಬೇಕಾದರೆ ಪ್ಲೇಟ್‌ಲೆಟ್ ತರುವ ಸೆರೊಟೊನಿನ್ ಬೇಕು.

ಕಲೆಯ ವಿಷಯಕ್ಕೆ ಬಂದರೆ, ಲಿವರ್‌ನಲ್ಲಿ ನಕ್ಷತ್ರದ ಆಕಾರದ ಕೋಶಗಳಿವೆ. ಆರಾಮಾಗಿದ್ದಾಗ ಅವು ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಲಿವರ್‌ಗೆ ಪದೇಪದೇ ಪೆಟ್ಟು ಬಿದ್ದರೆ ಅವೇ ಎದ್ದು ಕೊಲಾಜೆನ್ ನೂಲು ಹೆಣೆಯೋಕೆ ಶುರು ಮಾಡುತ್ತವೆ. ಅದೇ ಕಲೆ. ಜಪಾನಿನವರು ಮನುಷ್ಯರ ಪ್ಲೇಟ್‌ಲೆಟ್‌ಗಳನ್ನು ಈ ಕೋಶಗಳ ಜೊತೆ ಸೇರಿಸಿ ನೋಡಿದರು. ಪ್ಲೇಟ್‌ಲೆಟ್‌ನಿಂದ ಅಡೆನೊಸಿನ್ ಅನ್ನುವ ವಸ್ತು ಹುಟ್ಟಿ ಆ ಕೋಶಗಳನ್ನು ಮತ್ತೆ ತಣ್ಣಗೆ ಮಾಡಿತು. ಇಲಿಗಳಲ್ಲೂ ಕಲೆ ಕಡಿಮೆಯಾಯಿತು.

ಆಮೇಲೆ ರೋಗಿಗಳಿಗೆ ಕೊಟ್ಟು ನೋಡಿದರು. ಆ ಫಲಿತಾಂಶ 2013ರಲ್ಲಿ ಬಂತು. ಇಲ್ಲೇ ಗಮನ ಕೊಟ್ಟು ಓದಿ. ಅದರಲ್ಲಿ ಇದ್ದವರು ಬರೀ 10 ಜನ. ವಾರಕ್ಕೊಮ್ಮೆ, 12 ವಾರ ಪ್ಲೇಟ್‌ಲೆಟ್ ಹಾಕುವ ಯೋಜನೆ. ಎಲ್ಲರಿಗೂ 12 ವಾರ ಪೂರ್ತಿ ಮಾಡಲು ಆಗಲಿಲ್ಲ. ಅಲ್ಬುಮಿನ್ ಕೆಲವು ಕಾಲ ಸ್ವಲ್ಪ ಏರಿತು. ಅದು ಒಳ್ಳೆಯ ಸುದ್ದಿಯೇ, ನನಗೂ ಓದಿ ಆಸೆ ಹುಟ್ಟಿತ್ತು. ಆದರೆ ಹತ್ತು ಜನರಲ್ಲಿ ಅಲ್ಬುಮಿನ್ ಏರಿದ್ದು ಒಂದು ಮಾತು, ಕಲೆ ಕರಗಿ ಸಿರೋಸಿಸ್ ವಾಸಿಯಾಗುವುದು ಇನ್ನೊಂದು ಮಾತು. ಅದನ್ನು ಹಿಡಿದು ಕೋಲಾರದಲ್ಲಿ ಯಾರಿಗೂ ಚಿಕಿತ್ಸೆ ಕೊಡಲು ಆಗುವುದಿಲ್ಲ.

ಇನ್ನೊಂದು ಮುಖವೂ ಇದೆ, ನಿಮ್ಮ ಅಪ್ಪನ ವಿಷಯದಲ್ಲಿ ಅದೇ ಮುಖ್ಯ. ಅದೇ ಪ್ಲೇಟ್‌ಲೆಟ್ ಒಳಗೆ ಕಲೆ ಹೆಚ್ಚಿಸುವ ಅಂಶಗಳೂ ತುಂಬಿವೆ. ಆ ನಕ್ಷತ್ರದ ಕೋಶಗಳನ್ನು ಕೆರಳಿಸುವುದು ಅವೇ. 2019ರಲ್ಲಿ ಕೊಬ್ಬಿನ ಲಿವರ್ ಬಗ್ಗೆ ಒಂದು ದೊಡ್ಡ ಅಧ್ಯಯನ ಬಂತು. ಅದರಲ್ಲಿ ಪ್ಲೇಟ್‌ಲೆಟ್‌ಗಳೇ ಲಿವರ್ ಒಳಗೆ ಸೇರಿಕೊಂಡು ಉರಿಯೂತ ಹೆಚ್ಚಿಸುವುದು ಇಲಿಗಳಲ್ಲಿ ಕಂಡಿತು, ತಡೆದಾಗ ಲಿವರ್ ಸುಧಾರಿಸಿತು. ಹೆಪಟೈಟಿಸ್ ಬಿ ಪ್ರಯೋಗಗಳಲ್ಲೂ ಇಂಥದ್ದೇ ಕಂಡಿದೆ. 2024ರಲ್ಲಿ ಅಮೆರಿಕದಲ್ಲಿ ಕೊಬ್ಬಿನ ಲಿವರ್ ಇದ್ದ 80 ಜನರನ್ನು ಸೇರಿಸಿಕೊಂಡು ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ಆರು ತಿಂಗಳು ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಆಸ್ಪಿರಿನ್ ಪ್ಲೇಟ್‌ಲೆಟ್ ಕೆಲಸವನ್ನು ತಗ್ಗಿಸುತ್ತದೆ. ಅವರ ಲಿವರ್ ಕೊಬ್ಬು ಕಡಿಮೆಯಾಯಿತು. ಅಂದರೆ ಒಂದು ಕಡೆ ಪ್ಲೇಟ್‌ಲೆಟ್ ಹಾಕಿ ನೋಡುತ್ತಿದ್ದಾರೆ, ಇನ್ನೊಂದು ಕಡೆ ಪ್ಲೇಟ್‌ಲೆಟ್ ತಡೆದು ನೋಡುತ್ತಿದ್ದಾರೆ. ಯಾವ ಹಂತದ ಕಾಯಿಲೆ, ಯಾವ ಕಾರಣದ ಕಾಯಿಲೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. (ಇದನ್ನು ಓದಿ ಅಪ್ಪನಿಗೆ ಆಸ್ಪಿರಿನ್ ಕೊಟ್ಟುಬಿಡಬೇಡಿ! ಆ ಪ್ರಯೋಗದಲ್ಲಿ ಸಿರೋಸಿಸ್ ಇರುವವರನ್ನು ಸೇರಿಸಿಕೊಂಡೇ ಇರಲಿಲ್ಲ. ಅಪ್ಪನಿಗೆ ರಕ್ತ ವಾಂತಿ ಆಗಬಹುದು.)

ಇನ್ನು ಅಪ್ಪನ ಪ್ಲೇಟ್‌ಲೆಟ್ ಯಾಕೆ ಇಳಿದಿದೆ ಅಂತ ನೋಡೋಣ. ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಹಿಂದಕ್ಕೆ ಒತ್ತುತ್ತದಲ್ವಾ, ಹಾಗೆ ಲಿವರ್ ಗಟ್ಟಿಯಾದಾಗ ಅದರೊಳಗೆ ಹೋಗಬೇಕಾದ ರಕ್ತ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದುತ್ತದೆ. ಆರೋಗ್ಯವಂತರಲ್ಲೂ ಪ್ಲೇಟ್‌ಲೆಟ್‌ಗಳ ಮೂರನೇ ಒಂದು ಭಾಗ ಗುಲ್ಮದಲ್ಲೇ ಇರುತ್ತದೆ. ಅದು ಊದಿದರೆ ಬಹುಪಾಲು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಜೊತೆಗೆ, ಪ್ಲೇಟ್‌ಲೆಟ್ ತಯಾರಿಸು ಅಂತ ಮೂಳೆಮಜ್ಜೆಗೆ ಹೇಳುವ ಥ್ರಾಂಬೊಪೊಯೆಟಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ಲಿವರ್‌ನಲ್ಲೇ ಆಗುವುದು. ಲಿವರ್ ಸೋತರೆ ಅದೂ ಕಡಿಮೆ. ಅಂದರೆ ಕಲೆ ಮೊದಲು, ಪ್ಲೇಟ್‌ಲೆಟ್ ಇಳಿದದ್ದು ಆಮೇಲೆ.

ಪರಂಗಿ ಎಲೆ ರಸದ ಮಾತು ಇಲ್ಲಿಗೇ ಸೇರುತ್ತದೆ. ಡೆಂಗಿಯಲ್ಲಿ ಅದನ್ನು ಕೊಟ್ಟು ಕೆಲವು ಚಿಕ್ಕ ಅಧ್ಯಯನ ಮಾಡಿದ್ದಾರೆ, ಪ್ಲೇಟ್‌ಲೆಟ್ ಕೌಂಟ್ ಏರಿತು ಅಂದಿದ್ದಾರೆ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆ ಕೌಂಟ್ ತಾನಾಗಿಯೂ ಏರುತ್ತದೆ. ಅಪ್ಪನಿಗೆ ಬಂದಿರುವುದು ಡೆಂಗಿ ಅಲ್ಲ. ಗುಲ್ಮದಲ್ಲಿ ಸಿಕ್ಕಿಕೊಂಡದ್ದನ್ನು ಎಲೆಯ ರಸ ಹೊರಗೆ ತರುವುದಿಲ್ಲ.

ನೀವು ಕೊಡುವ ಚೀಲಕ್ಕೂ ಅದೇ ಗತಿ. ಒಬ್ಬರೇ ದಾನಿಯಿಂದ ಯಂತ್ರದಲ್ಲಿ ತೆಗೆಯುವ ಪ್ಲೇಟ್‌ಲೆಟ್ ಚೀಲಕ್ಕೆ ನಾವು ಎಸ್‌ಡಿಪಿ ಅನ್ನುತ್ತೇವೆ. ಸಾಮಾನ್ಯ ರೋಗಿಗೆ ಒಂದು ಎಸ್‌ಡಿಪಿ ಹಾಕಿದರೆ ಕೌಂಟ್ 30ರಿಂದ 50 ಸಾವಿರ ಏರಬೇಕು. ದೊಡ್ಡ ಗುಲ್ಮ ಇದ್ದರೆ ಅಷ್ಟು ಏರುವುದಿಲ್ಲ. ಏರಿದ್ದೂ ಕೆಲವೇ ದಿನದಲ್ಲಿ ಇಳಿಯುತ್ತದೆ. ಸುಮ್ನೆ ಮತ್ತೆ ಮತ್ತೆ ಹಾಕುತ್ತಾ ಹೋದರೆ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಆಗ ನಿಜವಾಗಿ ರಕ್ತಸ್ರಾವ ಆದ ದಿನ ಹಾಕಿದ ಪ್ಲೇಟ್‌ಲೆಟ್ ಕೆಲಸಕ್ಕೆ ಬರುವುದಿಲ್ಲ. ನನಗೆ ಅತಿ ಹೆಚ್ಚು ಭಯ ಇರುವುದು ಇದೇ.

ಮಗನ ರಕ್ತ ಅಪ್ಪನಿಗೆ ಶ್ರೇಷ್ಠ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಕೌಂಟರ್ ಮುಂದೆ ನಿಂತು ಜಗಳ ಮಾಡಿದವರೂ ಇದ್ದಾರೆ. ವಿಷಯ ಉಲ್ಟಾ. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿಕಣಗಳನ್ನು ರೋಗಿಯ ದೇಹ ಪರಕೀಯ ಅಂತ ಗುರುತಿಸದೆ ಬಿಟ್ಟುಬಿಡಬಹುದು. ಆಗ ಅವು ಬೇರೂರಿ ರೋಗಿಯ ಮೇಲೆಯೇ ತಿರುಗಿ ಬೀಳುತ್ತವೆ. ಅಪರೂಪ, ಆದರೆ ಹಾಗೇನಾದರೂ ಆಗಿಬಿಟ್ಟರೆ ಬದುಕುವುದು ಕಷ್ಟ. ಅದಕ್ಕೇ ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರ ರಕ್ತವನ್ನು ಆದಷ್ಟು ತಪ್ಪಿಸುತ್ತೇವೆ. ಕೊಡಲೇಬೇಕಾದರೆ ಚೀಲಕ್ಕೆ ವಿಕಿರಣ ಹಾಯಿಸಿ ಕೊಡಬೇಕು.

ಹಾಗಾದರೆ ಪ್ಲೇಟ್‌ಲೆಟ್‌ನಿಂದ ಉಪಯೋಗವೇ ಇಲ್ವಾ? ಇದೆ. ನಿಮ್ಮ ಎರಡು ರಿಪೋರ್ಟ್ ನೋಡಿ ನನಗೆ ಹೊಟ್ಟೆ ಉರಿದದ್ದು ಇಲ್ಲಿಯೇ. ಲಿವರ್‌ನಲ್ಲಿ ಕಲೆ ಎಷ್ಟಿರಬಹುದು ಅಂತ ಅಂದಾಜು ಮಾಡುವ ಫಿಬ್-4 ಅಂತ ಒಂದು ಲೆಕ್ಕ ಇದೆ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಆಮೇಲೆ ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರದ ಲೆಕ್ಕದಲ್ಲಿ) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ, ಮೊದಲು ಬಂದದ್ದನ್ನು ಇದರಿಂದ ಭಾಗಿಸಬೇಕು. 1.3ಕ್ಕಿಂತ ಕಡಿಮೆ ಬಂದರೆ ದೊಡ್ಡ ಕಲೆ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಜಾಸ್ತಿ. ಅಪ್ಪನಿಗೆ ಈಗ 8.3 ಬರುತ್ತದೆ. ಐದು ವರ್ಷದ ಹಿಂದಿನ ಚೀಟಿಯ ಲೆಕ್ಕ ಹಾಕಿದೆ, ಅವತ್ತು 56 ವರ್ಷ ಅಂತ ಇಟ್ಟುಕೊಂಡರೆ 2.5. 1.3 ದಾಟಿದ್ದರಿಂದ ಅವತ್ತೇ ಫೈಬ್ರೋಸ್ಕ್ಯಾನ್‌ಗೆ ಕಳಿಸಬೇಕಾದ ಅಂಕಿ ಅದು. 1,42,000 ಅಂದರೆ 'ಸ್ವಲ್ಪ ಕಡಿಮೆ, ಪರವಾಗಿಲ್ಲ' ಅಂತ ಬಿಟ್ಟಿದ್ದಾರೆ. ಶುಗರ್ ಇರುವವರಲ್ಲಿ ಪ್ಲೇಟ್‌ಲೆಟ್ ವರ್ಷ ವರ್ಷ ಇಳಿಯುತ್ತಿದ್ದರೆ ಲಿವರ್ ಕಡೆ ನೋಡಲೇಬೇಕು. ಇದನ್ನು ಓದುತ್ತಿರುವ ಬೇರೆಯವರೂ ಮನೆಯಲ್ಲಿರುವ ಹಳೆಯ ರಿಪೋರ್ಟ್ ತೆಗೆದು ಈ ಲೆಕ್ಕ ಹಾಕಿ ನೋಡಿ ಅಂತ ಕೈ ಮುಗಿದು ಕೇಳುತ್ತೇನೆ. ಕ್ಯಾಲ್ಕುಲೇಟರ್ ಇರುವ ಫೋನ್ ಸಾಕು.

ಮಾವಿನತೋಪು, ಶ್ರೀನಿವಾಸಪುರ

ಅಕ್ಕ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮನೆಯವರಿಗೆಲ್ಲ ಓದಿ ಹೇಳಿದೆ. ಅತ್ತೆ ಎರಡು ಸಲ ಕೇಳಿಸಿಕೊಂಡು ರಸ ನಿಲ್ಲಿಸುತ್ತೇನೆ ಅಂದರು. ಅಡ ಇಡುವ ಮಾತೂ ನಿಂತಿತು.

ಇನ್ನೆರಡು ಕೇಳಬೇಕಿತ್ತು. ಕೌಂಟ್ ಏರಿಸುವ ಮಾತ್ರೆ ಬಂದಿದೆ ಅಂತ ಒಬ್ಬರು ಹೇಳಿದರು, ಅದು ಕೊಡಬಹುದಾ? ಮುಂದಿನ ವಾರ ಎಂಡೋಸ್ಕೋಪಿ ಇದೆ. 64 ಸಾವಿರ ಇಟ್ಟುಕೊಂಡು ಮಾಡಿಸಿದರೆ ರಕ್ತ ನಿಲ್ಲದೇ ಹೋಗಲ್ವಾ? ಮತ್ತೆ, ಈ ಕಲೆ ಕರಗುವ ದಾರಿಯೇ ಇಲ್ವಾ?

ಗೌರಿಬಿದನೂರು ಡಾಕ್ಟರ್

ನಾನು ಜನರಲ್ ಮೆಡಿಸಿನ್ ಓದುತ್ತಿರುವ ಪಿಜಿ. ಲಿವರ್ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಅಕ್ಕ ಹೇಳಿದ್ದು ಸರಿ ಇದೆ, ಮುಂದಿನದು ಹೇಳುತ್ತೇನೆ. ಅಪ್ಪನ ಔಷಧಿ ವಿಷಯ ಮಾತ್ರ ಅವರ ಡಾಕ್ಟರೇ ನಿರ್ಧರಿಸಬೇಕು.

ಮಾತ್ರೆ ಇದೆ. ಎಲ್ಟ್ರಾಂಬೊಪ್ಯಾಗ್ ಅನ್ನುವುದು ಮೂಳೆಮಜ್ಜೆಯನ್ನು ಎಬ್ಬಿಸಿ ಕೌಂಟ್ ಏರಿಸುತ್ತದೆ. ಸಿರೋಸಿಸ್ ರೋಗಿಗಳಿಗೆ ಆಪರೇಷನ್ ಮುಂಚೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ವರದಿ 2012ರಲ್ಲಿ ಬಂತು. ಕೌಂಟ್ ಚೆನ್ನಾಗಿಯೇ ಏರಿತ್ತು. ಆದರೆ ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಪ್ರಕರಣ ಜಾಸ್ತಿ ಆದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. 2018ರಲ್ಲಿ ಅಮೆರಿಕದಲ್ಲಿ ಅವಾಟ್ರಾಂಬೊಪ್ಯಾಗ್, ಲುಸುಟ್ರಾಂಬೊಪ್ಯಾಗ್ ಅನ್ನುವ ಇನ್ನೆರಡಕ್ಕೆ ಒಪ್ಪಿಗೆ ಸಿಕ್ಕಿತು. ಲಿವರ್ ರೋಗಿಗಳಿಗೆ ಅವೂ ಆಪರೇಷನ್ ಮುಂಚೆ ಕೆಲವು ದಿನ ಕೊಡಲು ಮಾತ್ರ. ಕಲೆ ಕರಗಿಸಲು ಅಲ್ಲ.

ಎಂಡೋಸ್ಕೋಪಿಗೆ ಹೆದರಬೇಡಿ. ಸಿರೋಸಿಸ್‌ನಲ್ಲಿ ಪ್ಲೇಟ್‌ಲೆಟ್ ಕಡಿಮೆ ಆದರೂ, ಅವುಗಳನ್ನು ಗಾಯಕ್ಕೆ ಅಂಟಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಹೆಚ್ಚಾಗಿರುತ್ತದೆ. ಹೆಪ್ಪುಗಟ್ಟುವುದನ್ನು ತಡೆಯುವ ಅಂಶಗಳೂ ಇಳಿದಿರುತ್ತವೆ. ಎರಡೂ ಕಡೆ ತಕ್ಕಡಿ ಸರಿದೂಗುತ್ತದೆ. ಹಾಗಾಗಿ 64 ಸಾವಿರ ಇದೆ ಅಂತ ಎಂಡೋಸ್ಕೋಪಿಗೆ ಮುಂಚೆ ಪ್ಲೇಟ್‌ಲೆಟ್ ಹಾಕುವುದಿಲ್ಲ. ಸಿರೋಸಿಸ್ ರೋಗಿ ರಕ್ತ ಕಕ್ಕುವುದು ಹೆಚ್ಚಾಗಿ ಒತ್ತಡಕ್ಕೆ ಉಬ್ಬಿದ ಅನ್ನನಾಳದ ರಕ್ತನಾಳ ಒಡೆದು. ಆ ಎಂಡೋಸ್ಕೋಪಿ ಮಾಡಿಸುವುದೇ ಅದನ್ನು ಮೊದಲೇ ಹಿಡಿಯಲು. ಉಬ್ಬಿದ್ದರೆ ಬ್ಯಾಂಡ್ ಹಾಕುತ್ತಾರೆ, ಇಲ್ಲವೇ ಆ ಒತ್ತಡ ಇಳಿಸುವ ಕಾರ್ವೆಡಿಲಾಲ್‌ನಂಥ ಮಾತ್ರೆ ಕೊಡುತ್ತಾರೆ. ಖಂಡಿತ ತಪ್ಪಿಸಬೇಡಿ.

ಕಲೆ ಕರಗುತ್ತದಾ ಅಂದಿರಿ. ಕಾರಣವನ್ನು ತೆಗೆದರೆ ಲಿವರ್ ತಾನೇ ಕಲೆ ಕರಗಿಸಿಕೊಳ್ಳಬಲ್ಲದು, ಇದು ಬರೀ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ. ಹೆಪಟೈಟಿಸ್ ಬಿಗೆ ವೈರಸ್ ತಡೆಯುವ ಟೆನೊಫೊವಿರ್ ಮಾತ್ರೆ ಐದು ವರ್ಷ ಕೊಟ್ಟ ಅಧ್ಯಯನ 2013ರಲ್ಲಿ ಬಂತು. ಶುರುವಿನಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರಿಗೆ ಐದು ವರ್ಷದ ಮೇಲೆ ಲಿವರ್ ಚೂರು ತೆಗೆದು ನೋಡಿದಾಗ ಸಿರೋಸಿಸ್ ಇರಲಿಲ್ಲ. ನಿಮ್ಮ ಅಪ್ಪನ ಕಾರಣ ವೈರಸ್ ಅಲ್ಲ, ಶುಗರ್ ಮತ್ತು ಕೊಬ್ಬು. ಅದಕ್ಕೆ ಅಷ್ಟು ನೇರವಾದ ಮಾತ್ರೆ ಇಲ್ಲ. 2024ರಲ್ಲಿ ರೆಸ್ಮೆಟಿರಾಮ್ ಅನ್ನುವುದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅದು ಸಿರೋಸಿಸ್‌ಗೆ ಮುಂಚಿನ ಹಂತದವರಿಗೆ. ಹಾಗಾಗಿ ಶುಗರ್ ಹಿಡಿತಕ್ಕೆ ತರುವುದೇ ದೊಡ್ಡ ಕೆಲಸ. ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್ ಆಗಿದೆಯಾ ಒಮ್ಮೆ ಕೇಳಿ, ಅವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಲೆಕ್ಕವೇ ಬೇರೆ. ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್ ಮಾಡಿಸಿ, ಕ್ಯಾನ್ಸರ್ ಬಂದರೆ ಚಿಕ್ಕದಿರುವಾಗಲೇ ಸಿಗುತ್ತದೆ.

ಊಟದ ವಿಷಯ ಒತ್ತಿ ಹೇಳುತ್ತೇನೆ. ನಮ್ಮ ಕಡೆ ಲಿವರ್ ಕಾಯಿಲೆ ಅಂದ ಕೂಡಲೇ ಪಥ್ಯ ಅಂತ ಗಂಜಿಗೆ ಇಳಿಸಿಬಿಡುತ್ತಾರೆ. ವಾರ್ಡಿಗೆ ಬರುವಾಗ ತೋಳು, ತೊಡೆಯ ಮಾಂಸ ಎಲ್ಲ ಕರಗಿರುತ್ತದೆ. ಅಪ್ಪನಿಗೆ ಪ್ರೋಟೀನ್ ಜಾಸ್ತಿ ಬೇಕು. ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. ಮುದ್ದೆ, ಕಾಳಿನ ಸಾರು, ಮೊಟ್ಟೆ, ಮೊಸರು ಕೊಡಿ. ಶುಗರ್ ನೋಡಿಕೊಂಡು ಮುದ್ದೆ ಚಿಕ್ಕದು ಮಾಡಿ, ಕಾಳು ಹೆಚ್ಚಿಸಿ. ರಾತ್ರಿ ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಲಿ, ಬೆಳಗಿನವರೆಗೆ ಹೊಟ್ಟೆ ಖಾಲಿ ಇರಬಾರದು. ಕಾಲು ಊದಿದೆ ಅಂದಿರಿ, ಉಪ್ಪು ಕಡಿಮೆ ಮಾಡಿ. ಮಾವಿನಕಾಯಿ ಉಪ್ಪಿನಕಾಯಿ, ಹಪ್ಪಳ ಬೇಡ. ಮಲ ಟಾರಿನ ಹಾಗೆ ಕಪ್ಪಗಾದರೆ, ರಕ್ತ ವಾಂತಿ ಆದರೆ, ಅಪ್ಪ ತೊದಲಿದರೆ ಅಥವಾ ಹಗಲು ರಾತ್ರಿ ಗೊತ್ತಾಗದಂತೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಹೊರಡಿ.

ರೇಷ್ಮೆಗೂಡು, ಶಿಡ್ಲಘಟ್ಟ

ಡಾಕ್ಟರೇ, ಗಂಜಿ ಮಾತು ನೂರಕ್ಕೆ ನೂರು ನಿಜ. ಅಮ್ಮನಿಗೆ ಮೊಟ್ಟೆ ಶುರು ಮಾಡಿದ ಮೇಲೆಯೇ ನಡಿಗೆಗೆ ಬಲ ಬಂತು. ಮಾವಿನತೋಪು ತಮ್ಮಾ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಜೊತೆಗೆ ಇಟ್ಟುಕೊಳ್ಳಿ. ಮುಂದೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ಬೇಕಾಗುತ್ತದೆ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದು ಫೈಲ್‌ನಲ್ಲಿ ಜೋಡಿಸಿ. ಹೊಸ ಡಾಕ್ಟರು ಮೊದಲು ಕೇಳುವುದೇ ಅದು.

ಮಾವಿನತೋಪು, ಶ್ರೀನಿವಾಸಪುರ

ಫೈಲ್ ಮಾಡಿಟ್ಟೆ. ಬಿ, ಸಿ ಎರಡೂ ನೆಗೆಟಿವ್ ಅಂತ ಬರೆದಿದೆ. ಎಂಡೋಸ್ಕೋಪಿಗೆ ಗುರುವಾರ ಹೋಗುತ್ತಿದ್ದೇವೆ. ಅಕ್ಕ, ಒಂದೇ ಒಂದು ಮಾತು. ಪ್ಲೇಟ್‌ಲೆಟ್ ಕೊಡಬೇಕು ಅಂತ ಮನಸ್ಸು ಮಾಡಿದ್ದೆ. ಅಪ್ಪನಿಗೆ ಬೇಡ ಅಂದರೆ ಬೇರೆ ಯಾರಿಗಾದರೂ ಕೊಡಬಹುದಾ?

ಬ್ಲಡ್‌ಬ್ಯಾಂಕ್ ಅಕ್ಕ, ಕೋಲಾರ

ಖಂಡಿತ ಕೊಡಬಹುದು ತಮ್ಮ. 18ರಿಂದ 60 ವರ್ಷದ ಒಳಗಿರಬೇಕು, ತೂಕ 50 ಕಿಲೋಗಿಂತ ಜಾಸ್ತಿ ಇರಬೇಕು, ನಿಮ್ಮ ಕೌಂಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಮೂರು ದಿನದಿಂದ ಆಸ್ಪಿರಿನ್ ತಗೊಂಡಿರಬಾರದು. ಒಂದು ಒಂದೂವರೆ ಗಂಟೆ ಯಂತ್ರದ ಪಕ್ಕ ಮಲಗಬೇಕು. ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತ ನಿಮಗೇ ವಾಪಸ್ ಬರುತ್ತದೆ. ತುಟಿ, ಬೆರಳು ಸ್ವಲ್ಪ ಜುಮ್ ಅಂದರೆ ಹೇಳಿ, ಕ್ಯಾಲ್ಸಿಯಂ ಕೊಡುತ್ತಾರೆ.

ಆ ಚೀಲ 20ರಿಂದ 24 ಡಿಗ್ರಿಯಲ್ಲಿ ಅಲ್ಲಾಡಿಸುತ್ತಾ ಇಟ್ಟರೆ ಐದೇ ದಿನ ಬಾಳಿಕೆ. ಅದಕ್ಕೇ ಮೊದಲೇ ತೆಗೆದಿಟ್ಟುಕೊಳ್ಳಲು ಆಗುವುದಿಲ್ಲ, ಬೇಕಾದಾಗ ಕರೆದರೆ ಬರುವವರು ಬೇಕು. ಮಳೆ ಹಿಡಿದ ಮೇಲೆ ಡೆಂಗಿ ಶುರುವಾಗುತ್ತದೆ. ಕ್ಯಾನ್ಸರ್‌ಗೆ ಕೀಮೋ ತಗೊಳ್ಳುವ ಮಕ್ಕಳಿಗಂತೂ ವರ್ಷ ಪೂರ್ತಿ ಬೇಕು. ಗುರುವಾರ ಅಪ್ಪನ ಎಂಡೋಸ್ಕೋಪಿ ಮುಗಿಯುವವರೆಗೆ ಹೇಗೂ ಕಾಯುತ್ತಿರುತ್ತೀರಿ. ಅಲ್ಲೇ ರಕ್ತನಿಧಿಗೆ ಹೋಗಿ ಕೌಂಟ್ ಪರೀಕ್ಷೆಗೆ ರಕ್ತ ಕೊಟ್ಟು, ಹೆಸರು, ಗುಂಪು, ಫೋನ್ ನಂಬರ್ ಬರೆಸಿ ಬನ್ನಿ. ಹೋಗುವ ಮುಂಚೆ ತಿಂಡಿ ತಿಂದಿರಿ.